ಎದೆಹಾಲು ಕುಡಿಯುವ ಕೂಸಿಗೆ ಜೀವಸತ್ವ, ಖನಿಜಗಳ ಪೂರಕ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆ

ತಾಯಿಯ ಹಾಲೊಂದನ್ನೇ ಕುಡಿಯುವ ಕೂಸಿಗೆ ಅದರ ಮೇಲೆ ಬೇರೆ ಜೀವಸತ್ವ, ಖನಿಜಗಳನ್ನು ಹನಿಯಾಗಿಯೋ ಸಿರಪ್ಪಾಗಿಯೋ ಚುಚ್ಚುಮದ್ದಾಗಿಯೋ ಕೊಡಬೇಕೇ ಎಂಬುದು ಶಿಶುಪೋಷಣೆಯಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ವಿಷಯ. ತಿಂಗಳು ತುಂಬಿ, ಸಾಕಷ್ಟು ತೂಕದೊಡನೆ ಹುಟ್ಟಿದ ಮಗುವಿನ ಮಟ್ಟಿಗೆ ಉತ್ತರ ಚಿಕ್ಕದು: ಹುಟ್ಟಿದೊಡನೆ ಕೆ ಜೀವಸತ್ವದ ಒಂದು ಚುಚ್ಚುಮದ್ದು, ಮೊದಲ ವರ್ಷವಿಡೀ ಡಿ ಜೀವಸತ್ವದ ಹನಿ, ಆರು ತಿಂಗಳು ತುಂಬಿದ ಮೇಲೆ ಕಬ್ಬಿಣ, ಒಂಬತ್ತು ತಿಂಗಳಿಗೆ ಎ ಜೀವಸತ್ವ. ಉಳಿದುದೆಲ್ಲ ಹಾಲಿನಲ್ಲೇ ಬರಬೇಕು. ಬಾರದಿದ್ದರೆ ಕೊರತೆ ಇರುವುದು ಹಾಲೂಡಿಸುವವಳ ತಟ್ಟೆಯಲ್ಲಿ. ಈ ಕೊನೆಯ ಮಾತು ಹಳೆ ಮೈಸೂರಿನ ತೆಂಕಣ ಅಂಚಿನ ಬಾಣಂತನದ ಪಥ್ಯಕ್ಕೆ ನೇರವಾಗಿ ತಾಕುತ್ತದೆ. ಅದಕ್ಕಾಗಿಯೇ ಈ ಲೇಖನದಲ್ಲಿ ತಾಯಿಯ ಊಟಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಸೀಮೆ ಮತ್ತು ಅದರ ಊಟ

ಚಾಮರಾಜನಗರ 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು. ಅದರ ಗುಂಡ್ಲುಪೇಟೆ ತಾಲ್ಲೂಕು ಬಂಡೀಪುರದ ಕಾಡಿಗೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಒತ್ತಿಕೊಂಡಿದೆ. ಊಟಿಯ ದಾರಿಯೂ ವಯನಾಡಿನ ದಾರಿಯೂ ಕವಲೊಡೆಯುವುದು ಇಲ್ಲೇ. ಹೊಲಗಳಲ್ಲಿ ರಾಗಿ, ಜೋಳ, ಹುರುಳಿ, ಅರಿಸಿನ, ಸಣ್ಣ ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂ. ಮನೆಯ ಊಟ ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಬಸ್ಸಾರು, ಮಸ್ಸೊಪ್ಪು, ಕಾಲಕ್ಕೆ ತಕ್ಕ ಅವರೆಕಾಳು. ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರು, ಬಂಡೀಪುರದ ಅಂಚಿನ ಜೇನುಕುರುಬರು, ಕಾಡುಕುರುಬರು ಇದೇ ರಾಗಿಯ ಜೊತೆಗೆ ಕಾಡಿನ ಸೊಪ್ಪು, ಗೆಡ್ಡೆಗಳನ್ನೂ ಉಣ್ಣುತ್ತಾ ಬಂದವರು.

ಈ ಊಟ ಬಡವರ ಊಟವೆಂದು ಹೆಸರಾಗಿದ್ದರೂ ಜೀವಸತ್ವಗಳ ಲೆಕ್ಕದಲ್ಲಿ ಬಡವಾದದ್ದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 0.4 ಮಿಲಿಗ್ರಾಂ ಥಯಾಮಿನ್, ಅಂದರೆ ಬಿ1 ಜೀವಸತ್ವವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇರುವುದು ಸುಮಾರು 0.05 ಮಿಲಿಗ್ರಾಂ. ಸೊಪ್ಪು, ಕಾಳುಗಳಿಂದ ಫೋಲೇಟ್ ಧಾರಾಳವಾಗಿ ಸಿಗುತ್ತದೆ. 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಗರ್ಭಿಣಿಯರ ರಕ್ತವನ್ನು ಮುಂದೆ ಪರೀಕ್ಷಿಸಿದಾಗ ಫೋಲೇಟ್ ಕೊರತೆ ಕಂಡದ್ದು ಶೇ. 4 ಮಂದಿಯಲ್ಲಿ ಮಾತ್ರ. ಬಿ12 ಕೊರತೆ ಮಾತ್ರ ಶೇ. 43 ಮಂದಿಯಲ್ಲಿ. ಒಂದೇ ಊಟ ಒಂದನ್ನು ತುಂಬಿ ಇನ್ನೊಂದನ್ನು ಬರಿದಾಗಿ ಬಿಟ್ಟಿರುವುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ. ಇದು ಮೈಸೂರು ನಗರದ ಲೆಕ್ಕ ನಿಜ. ಆದರೆ ಗುಂಡ್ಲುಪೇಟೆಯ ಅಡುಗೆಮನೆ ಮೈಸೂರಿನದಕ್ಕಿಂತ ಬಹಳ ಬೇರೆಯಲ್ಲ.

ಹಾಲು ಯಾವುದನ್ನು ತಾಯಿಯಿಂದ ಪಡೆಯುತ್ತದೆ

ತಾಯಿ ಚೆನ್ನಾಗಿ ಉಂಡರೂ ಉಣದಿದ್ದರೂ ಹಾಲು ಒಂದೇ ಎಂಬ ಮಾತೂ, ತಾಯಿ ಸೊರಗಿದರೆ ಹಾಲೂ ನೀರಾಗುತ್ತದೆ ಎಂಬ ಮಾತೂ ಊರಿನಲ್ಲಿ ಜೊತೆಜೊತೆಗೇ ಕೇಳಿಬರುತ್ತವೆ. ಎರಡೂ ಅರ್ಧ ಸತ್ಯ. ಕ್ಯಾಲ್ಸಿಯಂ, ಕಬ್ಬಿಣ, ಸತು, ಫೋಲೇಟ್‌ಗಳ ಮಟ್ಟಿಗೆ ಮೊದಲ ಮಾತು ಸರಿ. ತಾಯಿ ಎಷ್ಟು ಕಡಿಮೆ ಉಂಡರೂ ಇವುಗಳ ಪ್ರಮಾಣ ಹಾಲಿನಲ್ಲಿ ಬಹುಮಟ್ಟಿಗೆ ಕದಲುವುದಿಲ್ಲ. ದೇಹ ತನ್ನ ದಾಸ್ತಾನಿನಿಂದ ತೆಗೆದು ಕೂಸಿಗೆ ಕೊಡುತ್ತದೆ. ಹಾಲೂಡಿಸುವ ತಿಂಗಳುಗಳಲ್ಲಿ ತಾಯಿಯ ಮೂಳೆಯಿಂದ ದಿನವೂ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಹಾಲಿಗೆ ಇಳಿಯುತ್ತದೆ, ಹಾಲು ಬಿಡಿಸಿದ ಮೇಲೆ ಮೂಳೆ ಅದನ್ನು ಮರಳಿ ತುಂಬಿಕೊಳ್ಳುತ್ತದೆ. ಇಲ್ಲಿ ಸೊರಗುವವಳು ತಾಯಿ, ಮಗುವಲ್ಲ.

ಬಿ1, ಬಿ2, ಬಿ6, ಬಿ12, ಎ ಜೀವಸತ್ವಗಳು ಮತ್ತು ಅಯೋಡಿನ್ ಹಾಗಲ್ಲ. ತಾಯಿಯ ದೇಹದಲ್ಲಿ ಇದ್ದಷ್ಟೇ ಹಾಲಿನಲ್ಲಿ. ಅವಳಲ್ಲಿ ಕೊರತೆಯಿದ್ದರೆ ಹಾಲಿನಲ್ಲೂ ಕೊರತೆ, ಮಗುವಿನಲ್ಲೂ ಕೊರತೆ. ಅವಳಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ಹಾಲೂ ಸರಿಹೋಗುತ್ತದೆ. ತಾಯಿ ಸೊರಗಿದರೆ ಹಾಲು ನೀರಾಗುತ್ತದೆ ಎನ್ನುವ ಅಜ್ಜಿಯರ ಮಾತಿಗೆ ಇಲ್ಲಿ ಆಧಾರವಿದೆ.

ಮೂರನೆಯ ಬಗೆ ಕೆ ಮತ್ತು ಡಿ. ಎಷ್ಟೇ ಚೆನ್ನಾಗಿ ಉಂಡ ತಾಯಿಯ ಹಾಲಿನಲ್ಲೂ ಇವು ಮಗುವಿಗೆ ಸಾಲುವಷ್ಟು ಇರುವುದಿಲ್ಲ. ಇದನ್ನು ಎದೆಹಾಲಿನ ದೋಷವೆಂದು ತಿಳಿಯಬಾರದು. ಡಿ ಜೀವಸತ್ವ ಬಿಸಿಲಿನಿಂದ ಚರ್ಮದಲ್ಲಿ ಆಗಬೇಕಾದದ್ದು. ಕೆ ಜೀವಸತ್ವದ ಒಂದು ಪಾಲು ಕರುಳಿನ ಸೂಕ್ಷ್ಮಜೀವಿಗಳು ಮುಂದೆ ಮಾಡಿಕೊಳ್ಳುವಂಥದು. ಹೀಗೆ ಪೂರಕದ ಪ್ರಶ್ನೆ ಒಂದಲ್ಲ, ಮೂರು. ಮೂರಕ್ಕೂ ಒಂದೇ ಟಾನಿಕ್ ಬಾಟಲಿ ತೋರಿಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಕೆ: ಹುಟ್ಟಿದ ದಿನದ ಚುಚ್ಚುಮದ್ದು

ಕೆ ಜೀವಸತ್ವವಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಗರ್ಭದಲ್ಲಿ ಇದು ಮಾಸು ದಾಟಿ ಬರುವುದು ತೀರಾ ಸ್ವಲ್ಪ. ಒಂದು ಲೀಟರ್ ಎದೆಹಾಲಿನಲ್ಲಿ ಇರುವುದೂ ಕೆಲವೇ ಮೈಕ್ರೋಗ್ರಾಂ. ಆದ್ದರಿಂದ ಕೆಲವು ಕೂಸುಗಳಿಗೆ ಹುಟ್ಟಿದ ಮೊದಲ ವಾರದಲ್ಲಿ ಹೊಕ್ಕುಳು, ಮೂಗು, ಮಲದಲ್ಲಿ ರಕ್ತ ಕಾಣಿಸುತ್ತದೆ. ಬಾಸ್ಟನ್ನಿನ ವೈದ್ಯ ಚಾರ್ಲ್ಸ್ ಟೌನ್‌ಸೆಂಡ್ 1894ರಲ್ಲೇ ಈ ಕಾಯಿಲೆಯ 50 ಪ್ರಕರಣಗಳನ್ನು ಬರೆದಿಟ್ಟಿದ್ದ. ಕಾರಣ ತಿಳಿದದ್ದು ಹೆನ್ರಿಕ್ ಡಾಮ್ ಕೆ ಜೀವಸತ್ವವನ್ನು ಕಂಡುಹಿಡಿದ ಮೇಲೆ. ಇದಕ್ಕಿಂತ ಕ್ರೂರವಾದದ್ದು ಎರಡನೆಯ ವಾರದಿಂದ ಮೂರನೆಯ ತಿಂಗಳವರೆಗೆ ಬರುವ ಬಗೆ. ಅದು ಬಹುತೇಕ ಎದೆಹಾಲು ಮಾತ್ರ ಕುಡಿಯುವ, ಚುಚ್ಚುಮದ್ದು ಸಿಗದ ಮಕ್ಕಳಿಗೇ ಬರುತ್ತದೆ, ಅನೇಕ ಸಲ ಮೆದುಳಿನೊಳಗೇ ರಕ್ತ ಸುರಿಯುತ್ತದೆ. ಚೆನ್ನಾಗಿದ್ದ ಮಗು ಒಮ್ಮೆಲೇ ಬಿಳಿಚಿಕೊಂಡು, ನೆತ್ತಿ ಉಬ್ಬಿ, ಕೈಕಾಲು ಸೆಟೆದುಕೊಳ್ಳುತ್ತದೆ.

ತಡೆಯುವ ದಾರಿ ಸುಲಭ: ಹುಟ್ಟಿದೊಡನೆ ತೊಡೆಗೆ 1 ಮಿಲಿಗ್ರಾಂ ಚುಚ್ಚುಮದ್ದು, ಒಂದು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ ಮಿಲಿಗ್ರಾಂ. ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಇದನ್ನು ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾದರೆ ಈ ಸೂಜಿ ತಪ್ಪುತ್ತದೆ. ಕಾಡಂಚಿನ ಬುಡಕಟ್ಟು ಜನರ ಹಾಡಿ, ಪೋಡುಗಳಿಂದ ಆಂಬುಲೆನ್ಸ್‌ನಲ್ಲಿ ಬರುವ ಹೆರಿಗೆಗಳಲ್ಲಿ, ಮಗು ದಾರಿಯಲ್ಲೇ ಹುಟ್ಟಿದ್ದರೂ ಆಸ್ಪತ್ರೆ ಮುಟ್ಟಿದ ಮೇಲೆ ಇದನ್ನು ಕೇಳಿ ಹಾಕಿಸಬೇಕು.

ಡಿ: ಬಿಸಿಲಿನ ನಾಡಿನ ಕೊರತೆ

ಒಂದು ಲೀಟರ್ ಎದೆಹಾಲಿನಲ್ಲಿ ಡಿ ಜೀವಸತ್ವ ಸಾಮಾನ್ಯವಾಗಿ 50 ಯೂನಿಟ್ಟಿಗಿಂತ ಕಡಿಮೆ. ಕೂಸು ದಿನಕ್ಕೆ ಕುಡಿಯುವುದು ಮುಕ್ಕಾಲು ಲೀಟರಿನಷ್ಟು. ಅದಕ್ಕೆ ಬೇಕಾದದ್ದು ದಿನಕ್ಕೆ 400 ಯೂನಿಟ್. ಹಾಲಿನಿಂದ ಹತ್ತನೇ ಒಂದು ಪಾಲೂ ಬರುವುದು ಕಷ್ಟ. ಗುಂಡ್ಲುಪೇಟೆ ಸಮಭಾಜಕಕ್ಕೆ ಹನ್ನೆರಡು ಡಿಗ್ರಿಯೊಳಗೇ ಇದೆ. ವರ್ಷವಿಡೀ ಬಿಸಿಲಿಗೆ ಬರವಿಲ್ಲ. ಆದರೂ ಕೂಸಿಗೆ ಆ ಬಿಸಿಲು ಸಿಗುವುದಿಲ್ಲ. ಬಾಣಂತಿ ಕೋಣೆಯ ಕಿಟಕಿಗೆ ಪರದೆ, ಕೂಸಿನ ತಲೆಗೆ ಕುಲಾವಿ, ಮೈಗೆ ಹೊದಿಕೆ, ತಾಯಿಯ ಕಿವಿಗೆ ಹತ್ತಿ. ಗಾಳಿ ತಾಕಿದರೆ ‘ಮಗೀಗ ಸೀತ ಆಯ್ತದ’ ಎಂಬ ಅಂಜಿಕೆ. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ರೂಢಿ ಇದೆ, ಅದು ಹಿತವೂ ಹೌದು. ಆದರೆ ಸೂರ್ಯ ತಗ್ಗಿನಲ್ಲಿರುವ ಆ ಹೊತ್ತಿನ ಬಿಸಿಲಿನಲ್ಲಿ ಡಿ ಜೀವಸತ್ವ ಮಾಡುವ ಕಿರಣ ಬಹಳ ಕಡಿಮೆ. ಆ ಕಿರಣವಿರುವ ನಡುಹಗಲಿನ ಬಿಸಿಲನ್ನು ಎಳೆ ಚರ್ಮ ತಾಳದು.

ತಾಯಿಯಲ್ಲೇ ಡಿ ಕೊರತೆಯಿದ್ದರೆ ಮಗು ಹುಟ್ಟುವಾಗಲೇ ಸಾಲಗಾರ. ಅಂಥ ಕೆಲವು ಮಕ್ಕಳಿಗೆ ಮೊದಲ ವಾರಗಳಲ್ಲೇ ರಕ್ತದ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುತ್ತದೆ; ಮುಂದೆ ಕಾಲು ಬಾಗುವ, ಮಣಿಕಟ್ಟು ದಪ್ಪವಾಗುವ ರಿಕೆಟ್ಸ್. ಅದಕ್ಕಾಗಿ ಭಾರತೀಯ ಮಕ್ಕಳ ವೈದ್ಯರ ಸಂಘ ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹೇಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಿಂದ ಹೇಳುತ್ತಿರುವುದೂ ಇದನ್ನೇ. ತಾಯಿಗೇ ದಿನಕ್ಕೆ 6,400 ಯೂನಿಟ್ ಕೊಟ್ಟರೆ ಹಾಲಿನ ಮೂಲಕವೇ ಮಗುವಿಗೆ ಸಾಕಾಗುತ್ತದೆ ಎಂದು ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ನಮ್ಮಲ್ಲಿ ಬಾಣಂತಿಗೆ ಸರ್ಕಾರ ಕೊಡುವ ಕ್ಯಾಲ್ಸಿಯಂ ಮಾತ್ರೆ ಎರಡರಲ್ಲೂ ಸೇರಿ ಇರುವುದು 500 ಯೂನಿಟ್. ಅದು ಅವಳಿಗೆ ಬೇಕು, ಹಾಲಿಗೆ ಉಳಿಯುವಷ್ಟಿಲ್ಲ.

ಡಿ ಹನಿ ಕೊಡುವಾಗ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಅಂಗಡಿಯ ಬಾಟಲಿಗಳೆಲ್ಲ ಒಂದೇ ಅಲ್ಲ. ಕೆಲವದರಲ್ಲಿ ಒಂದು ಮಿಲಿಯಲ್ಲಿ 400 ಯೂನಿಟ್, ಕೆಲವದರಲ್ಲಿ 800. ಬಾಟಲಿ ಬದಲಾದಾಗ ಹನಿ ಅಳೆಯುವ ಪಿಳ್ಳೆಯ ಗೆರೆಯೂ ಬದಲಾಗಬೇಕು. ದೊಡ್ಡವರಿಗೆಂದು ಬರೆದ 60,000 ಯೂನಿಟ್ಟಿನ ಪುಡಿಯನ್ನು ಕೂಸಿಗೆ ದಿನವೂ ಕೊಟ್ಟು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು ಬಂದ ಪ್ರಕರಣಗಳು ಭಾರತದಲ್ಲಿ ದಾಖಲಾಗಿವೆ.

ಕಬ್ಬಿಣ: ಆರು ತಿಂಗಳ ಬುತ್ತಿ

ಎದೆಹಾಲಿನಲ್ಲಿ ಕಬ್ಬಿಣ ಲೀಟರಿಗೆ 0.3ರಿಂದ 0.4 ಮಿಲಿಗ್ರಾಂ ಮಾತ್ರ. ಅಷ್ಟೇ ಆದರೂ ಕೂಸಿನ ಕರುಳು ಅದನ್ನು ಹಸುವಿನ ಹಾಲಿನ ಕಬ್ಬಿಣಕ್ಕಿಂತ ಬಹಳ ಚೆನ್ನಾಗಿ ಹೀರುತ್ತದೆ. ಮೊದಲ ತಿಂಗಳುಗಳಲ್ಲಿ ಮಗು ಬದುಕುವುದು ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯ ಮೇಲೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕಟ್ಟಿಕೊಳ್ಳುವ ಈ ಬುತ್ತಿ ತಿಂಗಳು ತುಂಬಿದ ಮಗುವಿಗೆ ಸುಮಾರು ಆರು ತಿಂಗಳು ಬರುತ್ತದೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸಿದರೆ ಮಾಸಿನಲ್ಲಿರುವ ರಕ್ತ ಮಗುವಿಗೆ ಇಳಿದು ಬುತ್ತಿ ಇನ್ನಷ್ಟು ತುಂಬುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಪೂರಕವಿದು.

ಅಮೆರಿಕದ ಅಕಾಡೆಮಿ 2010ರಿಂದ ನಾಲ್ಕು ತಿಂಗಳಿಗೇ ಕಬ್ಬಿಣ ಶುರು ಮಾಡಲು ಹೇಳುತ್ತದೆ. ಭಾರತದ ಕ್ರಮ ಬೇರೆ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ ಒಂದು ಮಿಲಿ ಸಿರಪ್. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಇದಕ್ಕೆ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಆಶಾ ಕಾರ್ಯಕರ್ತೆ 3, 6, 9, 12, 15ನೆಯ ತಿಂಗಳಲ್ಲಿ ಮನೆಗೆ ಬರುವಾಗ ಈ ಬಾಟಲಿಯೂ ಬರಬೇಕು. ಸಿರಪ್ ಕುಡಿದ ಮಗುವಿನ ಮಲ ಕಪ್ಪಾಗುವುದು ಸಹಜ. ಎಷ್ಟೋ ಮನೆಗಳಲ್ಲಿ ಅದಕ್ಕೇ ಹೆದರಿ ಬಾಟಲಿಯನ್ನು ಗೂಡಿಗೆ ಸೇರಿಸಿಬಿಡುತ್ತಾರೆ.

ಇದೇ ವಯಸ್ಸಿಗೆ ಮೇಲೂಟವೂ ಶುರುವಾಗಬೇಕು. ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ಬಟ್ಟೆಯಲ್ಲಿ ಜರಡಿಯಾಡಿದ ಹಿಟ್ಟಿನ ಸರಿ ಈ ಸೀಮೆಯ ಜಾಣತನ. ಮೊಳಕೆ ಕಟ್ಟಿದಾಗ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಪಿಷ್ಟ ಒಡೆದು ಸರಿ ತೆಳ್ಳಗಾಗುವುದರಿಂದ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಆದರೆ ರಾಗಿ ಮುಖ್ಯವಾಗಿ ಕ್ಯಾಲ್ಸಿಯಂ ಧಾನ್ಯ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣಕ್ಕೆ ಅದೊಂದನ್ನೇ ನೆಚ್ಚಬಾರದು. ಸರಿಯ ಜೊತೆ ಬೇಳೆಕಟ್ಟು, ಸೊಪ್ಪು, ತಿನ್ನುವ ಮನೆಯಲ್ಲಿ ಮೊಟ್ಟೆ, ನುಣ್ಣಗೆ ಅರೆದ ಮಾಂಸ ಸೇರಬೇಕು. ವರ್ಷ ತುಂಬುವ ಮೊದಲು ಲೋಟಗಟ್ಟಲೆ ಹಸುವಿನ ಹಾಲು ಕುಡಿಸುವುದು ಕಬ್ಬಿಣದ ಕೊರತೆಗೆ ನೇರ ದಾರಿ.

ಎ ಜೀವಸತ್ವ

ಹೆರಿಗೆಯ ಮೊದಲ ದಿನಗಳ ಹಳದಿ ಹಾಲಿನಲ್ಲಿ ಎ ಜೀವಸತ್ವ ಸಮೃದ್ಧ. ಆ ಬಣ್ಣ ಕೊಡುವುದು ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಗುಂಡ್ಲುಪೇಟೆಯ ಹೊಲಗಳಲ್ಲಿ ಓಣಂ ಕಾಲಕ್ಕೆ ಅರಳುವ ಚೆಂಡುಹೂವಿನ ಬಣ್ಣವೂ ಇದೇ ಬಳಗದ್ದು. ಈ ಹಾಲನ್ನು ಗಿಣ್ಣೆಂದು ಹಿಂಡಿ ಚೆಲ್ಲುವುದು ಮಗುವಿನ ಮೊದಲ ಪೂರಕವನ್ನೇ ಚೆಲ್ಲಿದಂತೆ. ಎ ಜೀವಸತ್ವದ ದೊಡ್ಡ ಪ್ರಮಾಣವನ್ನು ನವಜಾತ ಶಿಶುವಿಗೆ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಭಾರತದಲ್ಲಿ ಒಂಬತ್ತು ತಿಂಗಳಿಗೆ, ದಡಾರ–ರುಬೆಲ್ಲಾ ಲಸಿಕೆಯ ಜೊತೆ, 1 ಲಕ್ಷ ಯೂನಿಟ್. ಆಮೇಲೆ ಆರಾರು ತಿಂಗಳಿಗೊಮ್ಮೆ 2 ಲಕ್ಷದಂತೆ ಐದು ವರ್ಷದವರೆಗೆ, ಒಟ್ಟು ಒಂಬತ್ತು ಸಲ.

ಬಿ1: ಬಾಣಂತಿಯ ಪಥ್ಯ

ಕರ್ನಾಟಕದ ಎದೆಹಾಲಿನ ಮಕ್ಕಳ ವಿಷಯದಲ್ಲಿ ಈಚಿನ ವರ್ಷಗಳ ಅತಿ ಮುಖ್ಯ ತಿಳಿವಳಿಕೆ ಬಂದದ್ದು ಹೃದ್ರೋಗ ಆಸ್ಪತ್ರೆಯಿಂದ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಗೆ ಉಸಿರಾಟದ ತೊಂದರೆಯಿಂದ ಸಾವಿನ ಅಂಚು ತಲುಪಿದ ಎಳೆಗೂಸುಗಳು ಬರುತ್ತಿದ್ದವು. ಹೃದಯದ ರಚನೆಯಲ್ಲಿ ದೋಷವಿಲ್ಲ. ಆದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಮಿತಿಮೀರಿ ಬಲಹೃದಯ ಹಿಗ್ಗಿರುತ್ತಿತ್ತು. ಎಲ್ಲವೂ ಎದೆಹಾಲು ಮಾತ್ರ ಕುಡಿಯುವ ಮಕ್ಕಳು. ತಾಯಂದಿರು ಪಾಲಿಶ್ ಅಕ್ಕಿಯ ಅನ್ನವೇ ಮುಖ್ಯವಾದ ಪಥ್ಯದಲ್ಲಿದ್ದವರು. ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಬಹುಪಾಲು ಮಕ್ಕಳು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಚೇತರಿಸಿಕೊಂಡರು. ಈ ಅಧ್ಯಯನ 2021ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಕಾಯಿಲೆ ಹೊಸದಲ್ಲ, ಬಿ1 ಕೊರತೆಯಿಂದ ಬರುವ ಹಳೆಯ ಬೆರಿಬೆರಿಯೇ. ಜಾವಾದಲ್ಲಿ ಡಚ್ ವೈದ್ಯ ಐಕ್ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡದ್ದು 19ನೆಯ ಶತಮಾನದ ಕೊನೆಯಲ್ಲಿ. ತಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಅವಳ ಹಾಲು ಕುಡಿಯುವ ಕೂಸು ಎರಡರಿಂದ ನಾಲ್ಕು ತಿಂಗಳಿನಲ್ಲಿ ಬೆರಿಬೆರಿಗೆ ತುತ್ತಾಗುವುದು ಜಪಾನ್, ಫಿಲಿಪ್ಪೀನ್ಸ್‌ಗಳಲ್ಲಿ ನೂರು ವರ್ಷದ ಹಿಂದೆಯೇ ತಿಳಿದಿತ್ತು. ನೂರು ವರ್ಷದ ಮೇಲೆ ಅದು ಕನ್ನಡನಾಡಿನ ತೊಟ್ಟಿಲಿಗೆ ಬಂದಿರುವುದು ನೋವಿನ ಸಂಗತಿ.

ರಾಗಿ ಉಣ್ಣುವ ಸೀಮೆಗೆ ಇದರ ಭಯವೇಕೆ ಎಂದು ಕೇಳಬಹುದು. ಭಯವಿರುವುದು ಬಾಣಂತನದ ದಿನಗಳಲ್ಲಿ. ವರ್ಷವಿಡೀ ಮುದ್ದೆ ಉಂಡ ಹೆಣ್ಣಿಗೆ ಹೆರಿಗೆಯಾದ ಕೂಡಲೇ ಎಷ್ಟೋ ಮನೆಗಳಲ್ಲಿ ರಾಗಿ ತಂಪೆಂದು ತಪ್ಪುತ್ತದೆ. ಹಸಿ ಮೈಯೆಂದು ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಒಂದಿಷ್ಟು ಬೆಳ್ಳುಳ್ಳಿ. ಬೇಳೆ ವಾಯು, ಸೊಪ್ಪು ಭೇದಿ, ಹಲವು ತರಕಾರಿ ನಂಜು, ಹಣ್ಣು ಸೀತ, ನೀರು ಎಣಿಸಿದಷ್ಟು ಗುಟುಕು. ಅಕ್ಕಿಯೋ ಬೆಳ್ಳಗೆ ಪಾಲಿಶ್ ಆದದ್ದು. ಮೂರು ನಾಲ್ಕು ನೀರಿನಲ್ಲಿ ತೊಳೆದು, ಗಂಜಿ ಬಸಿದರೆ ಉಳಿದ ಬಿ1 ಕೂಡ ನೀರಿನೊಂದಿಗೆ ಹೋಗುತ್ತದೆ. ಊಟದ ಮೇಲೆ ಬಾಣಂತಿಗೆ ಎಲೆ ಅಡಿಕೆ ಕಡ್ಡಾಯವೆಂಬ ಮನೆಗಳೂ ಉಂಟು. ಅಡಿಕೆಯ ಟ್ಯಾನಿನ್ ಥಯಾಮಿನ್ ಅನ್ನು ಕೆಡಿಸುತ್ತದೆ. ದೇಹದಲ್ಲಿ ಥಯಾಮಿನ್ ದಾಸ್ತಾನು ಎರಡು ಮೂರು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಪಥ್ಯ ಮೂರು ತಿಂಗಳು ನಡೆಯುತ್ತದೆ, ಕೂಸು ಕಾಯಿಲೆ ಬೀಳುವುದೂ ಅದೇ ಹೊತ್ತಿಗೆ.

ಪಥ್ಯದಲ್ಲಿರುವುದೆಲ್ಲ ಕೆಟ್ಟದ್ದೆಂದು ಯಾರೂ ಹೇಳಲಾರರು. ಹಾಲು ಹೆಚ್ಚಲೆಂದು ಕೊಡುವ ಸಬ್ಬಸಿಗೆ ಸೊಪ್ಪು, ಕೊಬ್ಬರಿ ಬೆಲ್ಲ, ಬೆಳ್ಳುಳ್ಳಿ, ಮಾಂಸ ತಿನ್ನುವ ಮನೆಯ ನಾಟಿಕೋಳಿ ಸಾರು, ನಲವತ್ತು ದಿನದ ವಿಶ್ರಾಂತಿ, ತವರಿನ ಆರೈಕೆ, ಇವು ಉಳಿಯಬೇಕಾದ ಸಂಪತ್ತು. ಬಿಡಬೇಕಾದದ್ದು ಬೇಳೆ, ರಾಗಿ, ಸೊಪ್ಪು, ನೀರಿನ ಮೇಲಿನ ನಿಷೇಧ. ಇದು ತಾಯಂದಿರ ತಪ್ಪೂ ಅಲ್ಲ. ಬಾಣಂತಿಯ ತಟ್ಟೆಗೆ ಏನು ಬೀಳಬೇಕೆಂದು ತೀರ್ಮಾನಿಸುವವರು ಅವಳ ತಾಯಿ, ಅತ್ತೆ, ಮನೆಯ ಹಿರಿಯರು. ಆರೋಗ್ಯ ಶಿಕ್ಷಣ ಮುಟ್ಟಬೇಕಾದದ್ದು ಅವರನ್ನು.

ಬಿ12: ನಡುಗುವ ಮಗು

ಬಿ12 ಸಸ್ಯಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಮಾಂಸ ಮುಟ್ಟದ ಮನೆಗಳು ಈ ಜಿಲ್ಲೆಯಲ್ಲಿ ಬಹಳ. ಮುಟ್ಟುವ ಮನೆಗಳಲ್ಲೂ ಹಬ್ಬಕ್ಕೋ ನೆಂಟರಿಗೋ ಆಗುವ ಊಟ ಅದು. ಹಸು ಇದ್ದರೂ ಹಾಲು ಡೇರಿಗೆ ಹೋಗಿ ಮನೆಗೆ ಕಾಫಿಯಷ್ಟು ಉಳಿಯುತ್ತದೆ. ಕೂಸಿಗೆ ಬೇಕಾದ ಬಿ12 ದಿನಕ್ಕೆ ಅರ್ಧ ಮೈಕ್ರೋಗ್ರಾಂಗಿಂತಲೂ ಕಡಿಮೆ. ತಾಯಿಯಲ್ಲೇ ಇಲ್ಲದಾಗ ಅಷ್ಟೂ ಸಿಗುವುದಿಲ್ಲ.

ಇದರ ಕಥೆ ದಕ್ಷಿಣ ಭಾರತದಲ್ಲೇ ಬೆಳಕಿಗೆ ಬಂದದ್ದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಜಾಧವ್ ಮತ್ತು ಸಂಗಡಿಗರು 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎದೆಹಾಲು ಕುಡಿಯುವ ಮಕ್ಕಳ ಬಿ12 ಕೊರತೆಯನ್ನು ವಿವರಿಸಿದರು: ಮಂಕಾದ ಮುಖ, ಕಲಿತ ನಗು, ಕಲಿತ ಕೂರುವಿಕೆ ಮರೆತುಹೋಗುವುದು, ಬೆರಳ ಗೆಣ್ಣುಗಳು ಕಪ್ಪಾಗುವುದು, ರಕ್ತಹೀನತೆ, ಕೈಕಾಲು ತಲೆಗಳ ನಡುಕ. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕಾಣುವ ಈ ಮಕ್ಕಳು ಮೈದುಂಬಿಕೊಂಡೇ ಇರುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ‘ಗುಂಡಗಿದೆ, ಸಾಧು ಮಗು’ ಎಂದು ಬಿಡುತ್ತಾರೆ. ಚಿಕಿತ್ಸೆ ಸುಲಭ, ಆದರೆ ತಡವಾದರೆ ಬುದ್ಧಿ ಬೆಳವಣಿಗೆಯಲ್ಲಿ ಆದ ಹಿನ್ನಡೆ ಪೂರ್ತಿ ತುಂಬಿಬರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಗರ್ಭದ ಮೊದಲ ತಿಂಗಳುಗಳಿಂದ ಹೆರಿಗೆಯಾಗಿ ಆರು ವಾರದವರೆಗೆ ತಾಯಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಮಾತ್ರೆ ಕೊಟ್ಟಾಗ ಅವಳ ರಕ್ತದಲ್ಲಿ, ಹಾಲಿನಲ್ಲಿ, ಮಗುವಿನ ರಕ್ತದಲ್ಲಿ, ಮೂರರಲ್ಲೂ ಬಿ12 ಏರಿತು. ಆದರೆ ಸರ್ಕಾರ ಬಾಣಂತಿಗೆ 180 ದಿನ ಕೊಡುವ ಮಾತ್ರೆಯಲ್ಲಿ ಇರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಫೋಲೇಟ್ ಕೊರತೆ ಅಪರೂಪವಾಗಿ, ಬಿ12 ಕೊರತೆ ಮನೆಮನೆಯಲ್ಲಿರುವ ಸೀಮೆಗೆ ಈ ಮಾತ್ರೆ ಅರ್ಧ ಉತ್ತರ. ಬಿ12 ಕೂಡ ಅದರಲ್ಲಿ ಸೇರಬೇಕೆಂಬುದು ಈ ಲೇಖಕನ ಗಟ್ಟಿ ಅಭಿಪ್ರಾಯ.

ಉಳಿದವು

ಅಯೋಡಿನ್ ಹಾಲಿಗೆ ಬರುವುದು ತಾಯಿ ತಿನ್ನುವ ಉಪ್ಪಿನಿಂದ. ಅಯೋಡಿನ್ ಇರುವ ಉಪ್ಪು ಸಾಕು. ಬಾಣಂತಿಗೆ ಕಲ್ಲುಪ್ಪೇ ಒಳ್ಳೆಯದೆಂದು ಅದಕ್ಕೆ ಬದಲಾಯಿಸುವುದು ಮಾತ್ರ ಬೇಡ. ಸತು ಮೊದಲ ತಿಂಗಳುಗಳಲ್ಲಿ ಹಾಲಿನಿಂದ ಸಾಕಾಗುತ್ತದೆ. ಭೇದಿಯಾದಾಗ ಓಆರ್‌ಎಸ್ ಜೊತೆಗೆ 14 ದಿನ, ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆಮೇಲೆ 20. ಸಿ ಜೀವಸತ್ವ, ಕ್ಯಾಲ್ಸಿಯಂ, ಫ್ಲೋರೈಡ್‌ಗಳನ್ನು ತಿಂಗಳು ತುಂಬಿದ ಎದೆಹಾಲಿನ ಮಗುವಿಗೆ ಬೇರೆಯಾಗಿ ಕೊಡುವ ಅಗತ್ಯವಿಲ್ಲ. ಎಲ್ಲ ಸೇರಿದ ‘ಮಲ್ಟಿವಿಟಮಿನ್’ ಹನಿ ಆರೋಗ್ಯವಂತ ಕೂಸಿಗೆ ಬೇಡ.

ಬಜೆ ತೇಯ್ದು ನಾಲಗೆಗೆ ಸವರುವುದು, ಜೇನುತುಪ್ಪ ನೆಕ್ಕಿಸುವುದು, ಹರಳೆಣ್ಣೆ, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದರಲ್ಲೂ ಮಗುವಿಗೆ ಬೇಕಾದ ಜೀವಸತ್ವವಿಲ್ಲ. ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಆರು ತಿಂಗಳು ಎದೆಹಾಲು ಮಾತ್ರ ಎಂದರೆ ನೀರೂ ಇಲ್ಲ. ವೈದ್ಯರು ಹೇಳಿದ ಹನಿ, ಔಷಧಿ ಮಾತ್ರ ಅದಕ್ಕೆ ಹೊರತು. ಡಿ ಹನಿ ಹಾಕಿದರೆ ‘ಎದೆಹಾಲು ಮಾತ್ರ’ ಎಂಬ ನಿಯಮ ಮುರಿಯುವುದಿಲ್ಲ.

ವಿಶೇಷ ಗಮನ ಬೇಕಾದ ಮಕ್ಕಳು

ಎರಡೂವರೆ ಕಿಲೋಗಿಂತ ಕಡಿಮೆ ತೂಕದ, ಅಥವಾ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಮೇಲಿನ ಲೆಕ್ಕ ಸಾಲದು. ಗರ್ಭದ ಕೊನೆಯ ತಿಂಗಳುಗಳ ಬುತ್ತಿಯೇ ಇಲ್ಲದ್ದರಿಂದ ಕಬ್ಬಿಣ ಆರು ತಿಂಗಳು ಕಾಯದೆ ಮೊದಲ ವಾರಗಳಲ್ಲೋ ಎರಡನೆಯ ತಿಂಗಳಲ್ಲೋ, ತೂಕ ನೋಡಿ, ವೈದ್ಯರ ಮಾತಿನಂತೆ ಶುರುವಾಗಬೇಕು. ತೀರಾ ಸಣ್ಣ ಮಕ್ಕಳಿಗೆ ಕ್ಯಾಲ್ಸಿಯಂ, ರಂಜಕವೂ ಬೇಕಾಗುತ್ತದೆ. ಆಗಲೂ ಹಾಲು ತಾಯಿಯದೇ.

ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸದಿಂದ ತಿಳಿದ ಸಂಗತಿ, ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆ ಸಂಸ್ಥೆಯನ್ನು ಕಟ್ಟಿದರು. ಈ ಕಾಯಿಲೆಯಿರುವ ಮಗುವನ್ನು ಗರ್ಭದ ಹಿಮೋಗ್ಲೋಬಿನ್ ಮೊದಲ ಆರು ತಿಂಗಳು ಕಾಪಾಡುತ್ತದೆ. ಆಮೇಲೆ ಕಾಣುವ ಬಿಳಿಚು ಕಬ್ಬಿಣದ ಕೊರತೆಯಿಂದಲೇ ಎಂದು ತಿಳಿಯುವಂತಿಲ್ಲ. ಹಾಡಿಯ ಮಗುವಿಗೆ ರಕ್ತಪರೀಕ್ಷೆ ಮೊದಲು, ಸಿರಪ್ ಆಮೇಲೆ.

ತಾಯಿಯ ತಟ್ಟೆಗೆ

ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಪೂರ್ಣ ಊಟ: ಅನ್ನ, ಬೇಳೆ ಸಾಂಬಾರು, ತರಕಾರಿ, ಮೊಟ್ಟೆ, 200 ಮಿಲಿ ಹಾಲು, ಕಡಲೆಕಾಯಿ ಚಿಕ್ಕಿ. ಬೇಳೆ, ಕಡಲೆಕಾಯಿಯಿಂದ ಬಿ1. ಮೊಟ್ಟೆ, ಹಾಲಿನಿಂದ ಬಿ12. ಮೇಲೆ ಹೇಳಿದ ಎರಡು ಕೊರತೆಗೂ ಈ ಒಂದು ತಟ್ಟೆಯಲ್ಲಿ ಮದ್ದಿದೆ. ಆದರೆ ಹಸಿ ಬಾಣಂತಿ ಹೊಸಿಲು ದಾಟಬಾರದೆಂಬ ಕಟ್ಟಳೆಯ ಮನೆಯಿಂದ ಅವಳು ಅಂಗನವಾಡಿಗೆ ಹೋಗಿ ಕೂತು ಉಣ್ಣುವುದು ಹೇಗೆ? ಅತಿ ಅಗತ್ಯವಾದ ಮೊದಲ ಮೂರು ತಿಂಗಳಲ್ಲೇ ಊಟ ತಪ್ಪುತ್ತದೆ. ಆ ತಿಂಗಳುಗಳಲ್ಲಾದರೂ ಊಟ ಮನೆ ಬಾಗಿಲಿಗೆ ಹೋಗಬೇಕು.

ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಎರಡು ಗಂಟೆಯೊಳಗಿನ ದಾರಿ. ಎರಡರಿಂದ ನಾಲ್ಕು ತಿಂಗಳ ಎದೆಹಾಲಿನ ಮಗು ಏಕಾಏಕಿ ಹಾಲು ಬಿಟ್ಟು, ಅಳುವಿನ ದನಿ ಕಟ್ಟಿ, ಏದುಸಿರು ಬಿಡತೊಡಗಿದರೆ ಸೀತವೆಂದು ಹೊಗೆ ಹಾಕುತ್ತಾ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಬಾಣಂತಿ ಇಷ್ಟು ದಿನ ಏನು ಉಂಡಳು, ಏನನ್ನು ಬಿಟ್ಟಳು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿರಿ.